ಎದುರು ಮನೆಯ ಕುಂಕುಮ

ನನ್ನ ಗಂಡ ಕ್ರೈಸ್ತ ಸಭಾಪಾಲಕರು. ಅಂಬರನಾಥದ ಕಾರ್ಖಾನೆಗಳಲ್ಲಿ ದುಡಿಯುವ ಕನ್ನಡದವರ ನಡುವೆ ಸೇವೆ ಮಾಡಲು ಉಡುಪಿ ಕಡೆಯ ನಮ್ಮ ಸಭೆ ಅವರನ್ನು ಕಳಿಸಿದಾಗ, ನಾವು ಅದರ ಪಕ್ಕದ ಕಲ್ಯಾಣದಲ್ಲಿ ಮೂರನೇ ಮಾಳಿಗೆಯ ಬಾಡಿಗೆ ಮನೆಯೊಂದನ್ನು ಹಿಡಿದೆವು. ನನಗೆ ಮರಾಠಿ ಒಂದಕ್ಷರ ಬಾರದು, ಹಿಂದಿಯೂ ಅಷ್ಟಕ್ಕಷ್ಟೇ. ಊರಿನವರು ಪ್ರಾರ್ಥನೆ ಮಾಡಿ, ಹಾರ ಹಾಕಿ ಕಳಿಸಿದ್ದರಿಂದ ನಾನೇನೋ ಕೊಡಲು ಬಂದವಳು ಎಂಬ ಜಂಬ ಮಾತ್ರ ಬೇಕಾದಷ್ಟಿತ್ತು.

ಕೊಟ್ಟವರು ಎದುರು ಮನೆಯವರು. ಅಲ್ಲಿನ ವಯಸ್ಸಾದ ಹೆಂಗಸನ್ನು ಕಟ್ಟಡದವರೆಲ್ಲ ಕಾಕು ಎನ್ನುತ್ತಿದ್ದರು, ನಾವು ಚಿಕ್ಕಮ್ಮ ಎಂದ ಹಾಗೆ. ನಳದಲ್ಲಿ ನೀರು ಬೆಳಗಿನ ಜಾವ ಅರ್ಧ ಗಂಟೆ ಬರುತ್ತಿತ್ತು, ಅದೂ ಇಷ್ಟೇ ಹೊತ್ತಿಗೆ ಎಂದಿಲ್ಲ. ಕಾಕು ತಮ್ಮ ಕೊಡ ತುಂಬುವ ಮೊದಲು ನಮ್ಮ ಬಾಗಿಲು ಬಡಿದು "ಪಾಣಿ ಆಲಂ" ಎನ್ನುತ್ತಿದ್ದರು. ನೀರು ಬಂತು ಎಂಬ ಆ ಎರಡು ಮಾತೇ ನಾನು ಕಲಿತ ಮೊದಲ ಮರಾಠಿ.

ಸಂಕ್ರಾಂತಿಗೆ ಕಾಕುವಿನ ಸೊಸೆ ಅರಿಶಿನ ಕುಂಕುಮಕ್ಕೆ ಕರೆದಳು. ಕಟ್ಟಡದ ಹೆಂಗಸರೆಲ್ಲ ಮುಂದಿನ ಕೋಣೆಯಲ್ಲಿ ಕುಳಿತಿದ್ದರು. ಸೊಸೆ ಒಬ್ಬೊಬ್ಬರ ಹಣೆಗೂ ಕುಂಕುಮ ಹಚ್ಚಿ, ಎಳ್ಳುಂಡೆಯ ಜೊತೆ ಒಂದು ಸ್ಟೀಲ್ ಬಟ್ಟಲು ಕೊಡುತ್ತ ಬಂದಳು. ನಮ್ಮಲ್ಲಿ ಹೆಂಗಸರು ಕರಿಮಣಿ ಹಾಕುತ್ತೇವೆ, ಕುಂಕುಮ ಇಡುವುದಿಲ್ಲ. ಅದನ್ನು ಮೊದಲೇ ಹೇಳಬಹುದಿತ್ತು, ಹೇಳಲಿಲ್ಲ. ಅವಳ ಬೆರಳು ಹಣೆಯ ಹತ್ತಿರ ಬಂದಾಗ ಹಾವು ಕಂಡವಳಂತೆ ಹಿಂದೆ ಸರಿದು, "ನಹೀ ನಹೀ" ಎಂದು ಎದ್ದು ಬಂದುಬಿಟ್ಟೆ. ಆ ಕೋಣೆಯಲ್ಲಿ ಕಾಕು ಇರಲಿಲ್ಲ ಎಂಬುದನ್ನೂ ಗಮನಿಸಲಿಲ್ಲ.

ಮರುದಿನ ಯಾರೂ ಬಾಗಿಲು ಬಡಿಯಲಿಲ್ಲ. ನಮಗೆ ನೀರು ತಪ್ಪಿತು. ಅದರ ಮರುದಿನವೂ ತಪ್ಪಿತು.

"ಲೀಸ್ ಮುಗಿಲಿಕ್ಕೆ ಇನ್ನೆರಡೇ ತಿಂಗಳು. ಅಂಬರನಾಥದಲ್ಲೇ ರೂಮು ನೋಡುವ. ಹಟ ಎಂತಕ್ಕೆ ಮಾರಾಯ್ತಿ?" ಎಂದರು ಗಂಡ.

"ನಾನು ಬರುದಿಲ್ಲ. ಎದುರು ಮನೆಗೇ ಮುಖ ತೋರಿಸ್ಲಿಕ್ಕೆ ಆಗದವರು ಅಲ್ಲಿ ಹೋಗಿ ಯಾರಿಗೆ ಪ್ರೀತಿಯ ವಿಷಯ ಹೇಳುದು?"

ಅವರು ಬೈಬಲ್ ತೆರೆದು ಕುಳಿತರು.

ಅಂದಿನಿಂದ ನಾನು ನಾಲ್ಕೂವರೆಗೇ ಎದ್ದು ನಳದ ಮುಂದೆ ಕಾಯತೊಡಗಿದೆ. ಅದು ಗೊರಗುಟ್ಟಿದ ಕೂಡಲೇ ಹೋಗಿ ಎದುರು ಬಾಗಿಲು ಬಡಿದು "ಪಾಣಿ ಆಲಂ" ಎನ್ನುತ್ತಿದ್ದೆ. ಒಳಗೆ ಕೊಡದ ಸದ್ದಾಗುತ್ತಿತ್ತು, ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ಕಾಕು ಮಾತಾಡುವ ತನಕ ಬಡಿಯುವುದೇ ಎಂದು ನಿಶ್ಚಯ ಮಾಡಿದ್ದೆ. ಮೂರನೇ ವಾರ ಅವರು ಬಾಗಿಲು ತೆರೆದರು.

ನನ್ನ ಹರಕು ಹಿಂದಿಯಲ್ಲಿ ನಮ್ಮ ಪದ್ಧತಿ ಹೇಳಿದೆ, ತಪ್ಪಾಯಿತು ಎಂದೆ. ಕಾಕು ನನಗೆ ತಿಳಿಯಲೆಂದು ಹಿಂದಿಯಲ್ಲೇ ನಿಧಾನವಾಗಿ ಹೇಳಿದರು.

"ನಿನ್ನ ದೇವರ ಮೇಲೆ ನನಗೆ ಸಿಟ್ಟಿಲ್ಲ ಬೇಟಿ. ಗಂಡ ಹೋದ ಮೇಲೆ ಅರಿಶಿನ ಕುಂಕುಮದ ದಿನ ನಾನು ಅಡುಗೆಮನೆಯಲ್ಲೇ ಕೂರುವುದು. ನನಗೆ ಹಚ್ಚುವವರಿಲ್ಲ. ನಿನಗೆ ಹಚ್ಚಲು ಬಂದರೆ ನೀನು ಓಡಿದೆ."

ಅವರ ಹೊಸ್ತಿಲಲ್ಲೇ ಅತ್ತುಬಿಟ್ಟೆ. ಆ ದಿನ ಎರಡು ಮನೆಗೂ ನೀರು ತಪ್ಪಿತು.

ಲೀಸ್ ಮತ್ತೆ ಮಾಡಿಸಿದೆವು. ಕಾಕು ಮೊದಲಿನಂತೆ ಬಾಗಿಲು ಬಡಿಯುತ್ತಿದ್ದರು, ಸೊಸೆ ಮಾತ್ರ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಮುಂದಿನ ಸಂಕ್ರಾಂತಿಗೆ ಅವಳು ಕರೆಯಲಿಲ್ಲ. ನಾನೇ ಹೋದೆ. ಹೆಂಗಸರು ನೋಡುತ್ತಿದ್ದಂತೆ ಮುಂದಿನ ಕೋಣೆ ದಾಟಿ, ಅಡುಗೆಮನೆಯಲ್ಲಿ ಕಾಕುವಿನ ಪಕ್ಕ ಕುಳಿತು ಎಳ್ಳುಂಡೆ ಕಟ್ಟತೊಡಗಿದೆ. ಪಾಕ ಬಿಸಿಯಿದ್ದು ಅಂಗೈ ಸುಟ್ಟಿತು. ನನ್ನ ಉಂಡೆಗಳು ಸೊಟ್ಟವೆಂದು ಕಾಕು ನಕ್ಕರು.

ಎಲ್ಲರೂ ಹೋದ ಮೇಲೆ ಸೊಸೆ ಬಂದಳು. ಕುಂಕುಮದ ತಟ್ಟೆ ತಂದಿರಲಿಲ್ಲ. ನನ್ನ ಕೈಗೆ ಒಂದು ಬಟ್ಟಲು ಕೊಟ್ಟಳು.

"ಕಾಕುವಿಗೆ?" ಎಂದೆ.

"ಅವರಿಗೆ ಕೊಡುವ ಹಾಗಿಲ್ಲ. ಇದು ಕುಂಕುಮ ಇಡುವವರಿಗೆ ಮಾತ್ರ."

"ನಾನೂ ಇಡುವುದಿಲ್ಲವಲ್ಲ. ನನಗೆ ಕೊಟ್ಟೆ."

ಸಾಕು ಎಂದು ಕಾಕು ನನ್ನ ಸೆರಗು ಜಗ್ಗಿದರು. ಕಾಕುವಿನ ಬಟ್ಟಲಿಗಾಗಿ ಚಾಚಿದ ಕೈಯನ್ನು ನಾನು ಹಿಂದಕ್ಕೆ ತೆಗೆಯಲಿಲ್ಲ. ಸೊಸೆ ನಮ್ಮಿಬ್ಬರ ಬರಿ ಹಣೆಗಳನ್ನು ನೋಡುತ್ತ ನಿಂತಳು. ಆಮೇಲೆ ಹೊರಗೆ ಹೋಗಿ ಇನ್ನೊಂದು ಬಟ್ಟಲು ತಂದಳು. ನನ್ನ ಕೈಗಲ್ಲ, ಅತ್ತೆಯ ಕೈಗೇ ಕೊಟ್ಟಳು.

ಕಾಕು ಆ ಹೊಸ ಬಟ್ಟಲನ್ನು ಸೆರಗಿನಿಂದ ಒರೆಸಿದರು. ಮತ್ತೆ ಒರೆಸಿದರು.