ಹಿತಕಿದವರೆ ಡಬ್ಬಿಯೊಂದಿಗೆ ಇಟ್ಟಮಡುವಿಗೆ

ಸಂಕ್ರಾಂತಿ ಕಳೆದ ಮೂರನೆಯ ದಿನ, ಬೆಳಿಗ್ಗೆ ಒಂಬತ್ತೂವರೆಗೆ ಯಾರಿಗೂ ಹೇಳದೆ ಮನೆಯಿಂದ ಹೊರಟೆ. ನೀವಿಬ್ಬರೂ ಶಾಲೆಗೆ ಹೋಗಿದ್ದಿರಿ. ನಿಮ್ಮಮ್ಮ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ನಮ್ಮ ಗೊಟ್ಟಿಗೆರೆಯಿಂದ ಇಟ್ಟಮಡುವಿಗೆ ಹೆಚ್ಚೆಂದರೆ ಹದಿನೈದು ಕಿಲೋಮೀಟರ್. ಇದೂ ಒಂದು ಪ್ರವಾಸವೇ ಅಂತ ನಗಬೇಡಿ. ನಾನು ಒಬ್ಬಳೇ ಎರಡು ಬಸ್ಸು ಹತ್ತಿ ಹೋದದ್ದು ಅದೇ ಮೊದಲು.

ಕೈಯಲ್ಲಿ ಸ್ಟೀಲ್ ಡಬ್ಬಿ ಇತ್ತು. ಮುಚ್ಚಳದ ಮೇಲೆ ನಿಮ್ಮ ತಾತನ ಹೆಸರು ಕೊರೆಸಿದೆಯಲ್ಲ, ಅದೇ. ಒಳಗೆ ಹಿತಕಿದ ಅವರೆಬೇಳೆ ಸಾರು. ಹಿಂದಿನ ದಿನ ಮಧ್ಯಾಹ್ನವೆಲ್ಲ ಕೂತು ಒಂದೊಂದೇ ಕಾಳು ಹಿತಕಿದ್ದೆ. ಚೆಲ್ಲದಿರಲಿ ಎಂದು ಟವೆಲ್ಲು ಸುತ್ತಿ ಗಂಟು ಹಾಕಿದ್ದೆ.

ನೀಲವ್ವಜ್ಜಿ ನಮ್ಮ ಹಿತ್ತಲ ಕಡೆಯ ಮನೆ ಬಿಟ್ಟು ಯಾಕೆ ಹೋದರು ಎಂದು ನೀವು ಕೇಳಿದಾಗಲೆಲ್ಲ ಮಾತು ತೇಲಿಸಿದೆ. ಬಾಗಲಕೋಟೆ ಕಡೆಯಿಂದ ಮಗಳ ಜೊತೆ ಬಂದು ನಾಲ್ಕು ವರ್ಷ ನಮ್ಮ ಬಾಡಿಗೆಮನೆಯಲ್ಲಿದ್ದಳು. ಆ ಡಬ್ಬಿ ನಮ್ಮಿಬ್ಬರ ಅಡುಗೆಮನೆಗಳ ನಡುವೆ ಓಡಾಡಿಕೊಂಡಿತ್ತು. ನಾನು ಸಾರು ಹಾಕಿ ಕಳಿಸಿದರೆ ಅವಳು ಜೋಳದ ರೊಟ್ಟಿಯನ್ನೋ ಶೇಂಗಾ ಚಟ್ನಿಯನ್ನೋ ತುಂಬಿ ಕಳಿಸುತ್ತಿದ್ದಳು. ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆ. ಖಾಲಿ ಪಾತ್ರೆ ಹಿಂದಿರುಗಿಸುವ ರೂಢಿ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ. ದೀಪಾವಳಿಯ ನಂತರ ಒಂದು ದಿನ ಡಬ್ಬಿ ಖಾಲಿ ಬಂತು. ಚೆನ್ನಾಗಿ ತೊಳೆದು ಒರೆಸಿದ್ದಳು. ಮರುವಾರ ಅವರು ಮನೆ ಬಿಟ್ಟರು. ಕಾಗದಪತ್ರ ಬಂದರೆ ಕಳಿಸಿ ಎಂದು ಮಗಳು ವಿಳಾಸ ಬರೆದುಕೊಟ್ಟಿದ್ದಳು. ಅದೇ ಚೀಟಿ ಹಿಡಿದು ನಾನು ಹೊರಟದ್ದು.

ಬಸ್ಸು ತುಂಬಿತ್ತು. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಹೆಂಗಸರ ಉಚಿತ ಟಿಕೆಟ್ ಹರಿದುಕೊಟ್ಟ. ನಾನು ನಿಂತಿದ್ದ ಕಡೆ ಸೀಟಿನಲ್ಲಿ ಕೂತಿದ್ದ ಹುಡುಗಿಯ ಕಾರ್ಡಿನಲ್ಲಿ ಬೇರೆ ರಾಜ್ಯದ ವಿಳಾಸವಿತ್ತು. ಅವಳು ದುಡ್ಡು ಕೊಟ್ಟಳು. ಹಿಂದಿನ ಸೀಟಿನ ಹೆಂಗಸು, "ನಮ್ ಬಸ್ಸಲ್ಲಿ ನಮಗೇ ಜಾಗ ಇಲ್ಲ, ಇವ್ರೇ ತುಂಬ್ಕೊಂಡವ್ರೆ" ಎಂದಳು. ಹುಡುಗಿಗೆ ಅರ್ಥವಾಯಿತೋ ಏನೋ, ಎದ್ದು ನಿಂತು "ಆಂಟಿ, ಕೂತ್ಕೋ" ಎಂದು ನನ್ನನ್ನು ಕೂರಿಸಿದಳು. ನಾನು ಕೂತೆ. ಹಿಂದಿನವಳಿಗೆ ಒಂದು ಮಾತು ಹೇಳಬೇಕಿತ್ತು, ಬಾಯಿ ಬರಲಿಲ್ಲ.

ನನಗೆ ಹಾಗೆ ಹೇಳಲು ಯೋಗ್ಯತೆಯಾದರೂ ಎಲ್ಲಿತ್ತು? ಡಬ್ಬಿ ಖಾಲಿ ಬರುವುದಕ್ಕೆ ಎರಡು ದಿನ ಮುಂಚೆ, ನಮ್ಮ ಕಡೆಯ ಒಬ್ಬ ಮುಖಂಡರ ಸಭೆಗೆ ಹೆಂಗಸರನ್ನೆಲ್ಲ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದರು. ಒಂದೊಂದು ಸೀರೆ, ಒಂದೊಂದು ಪೊಟ್ಟಣ ಪಲಾವ್. ನೀಲವ್ವ ನನ್ನ ಪಕ್ಕದಲ್ಲೇ ಕೂತಿದ್ದಳು. ಮುಖಂಡರು ಚಪ್ಪಲಿ ಬಿಟ್ಟು ವೇದಿಕೆ ಹತ್ತಿ, ನಮ್ಮ ಕಡೆ ಕೈಮುಗಿದು, "ನಾನು ನಿಮ್ಮನೆ ಮಗ. ಈ ಕೆರೆ ಯಾರದಮ್ಮಾ? ಈ ನೆಲ ಯಾರದು? ನಿನ್ನೆ ಬಂದೋರು ಇವತ್ತು ನಿಮ್ಮನ್ನೇ ಪಕ್ಕಕ್ಕೆ ಸರಿ ಅಂತಾರೆ. ಇವರು ನಿಮಗೆ ಬೇಕಾ? ಬೇಡ ಅನ್ನೋರು ಕೈ ಎತ್ತಿ!" ಎಂದರು.

ಮಕ್ಕಳೇ, ಊರಿನ ಶಾಲೆಯಲ್ಲಿ ಮೇಷ್ಟರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ನಾನು ಕೈ ಎತ್ತಿದವಳಲ್ಲ. ಅವತ್ತು ಎತ್ತಿದೆ. ಕೂಗಿದೆ ಕೂಡ. ನಾವು ರಾಗಿ ಬೆಳೆಯುತ್ತಿದ್ದ ಹೊಲ, ಬಟ್ಟೆ ಒಗೆಯುತ್ತಿದ್ದ ಕೆರೆಯ ಕಲ್ಲು, ನಿಮ್ಮ ತಾತ ಎತ್ತು ಕಟ್ಟುತ್ತಿದ್ದ ಬೇವಿನ ಮರ ಎಲ್ಲ ಕಣ್ಣ ಮುಂದೆ ಬಂದವು. ಅವುಗಳ ಬಗ್ಗೆ ನನ್ನನ್ನು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಹೊಲ ಮಾರಿದವರು ನಾವೇ ಎಂಬುದಾಗಲಿ, ನಾನೇ ಕನಕಪುರದ ಕಡೆಯಿಂದ ಮದುವೆಯಾಗಿ ಬಂದವಳು ಎಂಬುದಾಗಲಿ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಕೈ ಇಳಿಸಿ ನೋಡಿದರೆ ನೀಲವ್ವ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತಿದ್ದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಮುಂದೆ ಹೋಗಿ ಕೂತಳು.

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಇಳಿದು ಬನಶಂಕರಿ ಬಸ್ಸು ಹತ್ತಿದೆ. ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲವಾಗಿತ್ತು. "ಯಾರ್ರೀ ಅದು ಹಿತಕವರೆ ಸಾರು ಹಿಡ್ಕೊಂಡಿರೋದು? ನಾವು ಉಪ್ಪಿಟ್ಟು ತಿಂದು ಬಂದಿದೀವಿ, ಹೊಟ್ಟೆ ಉರಿಸ್ಬೇಡಿ" ಎಂದು ಡ್ರೈವರ್ ಕನ್ನಡಿಯಲ್ಲೇ ನೋಡಿದ. ಎಲ್ಲರೂ ನಕ್ಕರು. ನಾನು ಸೆರಗಿನಿಂದ ಡಬ್ಬಿ ಮುಚ್ಚಿಕೊಂಡೆ. ಬನಶಂಕರಿಯಲ್ಲಿ ಆಟೋದವನು ನೂರಿಪ್ಪತ್ತು ಕೇಳಿ ಎಂಬತ್ತಕ್ಕೆ ಒಪ್ಪಿದ. ಬಿಸಿಲು ಏರಿತ್ತು.

ಇಟ್ಟಮಡುವಿನ ಒಂದು ಓಣಿಯಲ್ಲಿ ಎರಡನೇ ಮಹಡಿ. ನೀಲವ್ವನೇ ಬಾಗಿಲು ತೆಗೆದಳು. ನನ್ನನ್ನೂ ಗಂಟನ್ನೂ ನೋಡಿದಳು.

"ಬರ್ರಿ ಅಕ್ಕಾರ. ಬಿಸಿಲಾಗ ಬಂದೀರಿ, ಮೊದಲ ನೀರು ಕುಡೀರಿ."

ನೀರು ಕುಡಿದು, ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತು ಶುರು ಮಾಡಿದೆ. "ಅವತ್ತು ನಾನು ಕೈ ಎತ್ತಿದ್ದು…"

"ಕೈ ಎತ್ತಿದ್ದಕ್ಕ ನನಗ ಸಿಟ್ಟಿಲ್ರಿ. ಅಲ್ಲಿ ಬಂದ ಮಂದಿ ಎಲ್ಲಾ ಎತ್ತಿದ್ರು. ಸೀರಿ ಇಸ್ಕೊಂಡು, ಅನ್ನ ಉಂಡು, ಕೈ ಎತ್ತಲಿಲ್ಲಂದ್ರ ಹೆಂಗ?"

"ಮತ್ತೆ?"

ಅವಳು ನನ್ನ ಕೈಯಿಂದ ಲೋಟ ತೆಗೆದುಕೊಂಡು ಪಕ್ಕಕ್ಕಿಟ್ಟಳು. "ನಿಮ್ಮ ಮಾರಿ ನೋಡಿದ್ನಿರಿ. ನಾಕು ವರ್ಷ ಒಂದ ಅಂಗಳದಾಗ ಇದ್ವಿ. ನೀವು ಅಷ್ಟು ಖುಷಿಲೆ ನಕ್ಕಿದ್ದು ನಾ ಒಮ್ಮೆನೂ ನೋಡಿದ್ದಿಲ್ಲ."

"ಖುಷಿ ಆಗಿದ್ದು ನಿಜ ನೀಲವ್ವ" ಎಂದೆ. "ಯಾರೋ ನನ್ನನ್ನೂ ಕೇಳಿದ್ರು ಅನ್ನಿಸ್ತು. ಪಕ್ಕದಲ್ಲಿ ನೀನಿದ್ದೀಯ ಅನ್ನೋದೇ ಮರೆತೆ. ನಾನೇನು ಅಲ್ಲಿ ಹುಟ್ಟಿದವಳಾ?"

"ಅಲ್ಲಿ ಹುಟ್ಟಿದವರು ಯಾರಿದ್ರು ಹೇಳ್ರಿ? ಬಸ್ಸಿನಾಂವ ತಮಿಳಾಂವ, ಮೈಕ್ ಹಚ್ಚಾಂವ ಆಂಧ್ರದಾಂವ. ಪಲಾವ್ ಮಾಡಿದಾಂವ ನಮ್ಮ ಬಾದಾಮಿ ಕಡಿಯಾಂವ, ನಾನ ಕೇಳಿದ್ನಿ" ಎಂದಳು. ಇಬ್ಬರಿಗೂ ನಗು ಬಂತು, ಬಹಳ ಹೊತ್ತು ಉಳಿಯಲಿಲ್ಲ.

ಅವಳು ಗಂಟು ಬಿಚ್ಚಿ ಮುಚ್ಚಳ ತೆಗೆದು ನೋಡಿದಳು. ನನ್ನ ಬಲಗೈ ಎಳೆದುಕೊಂಡು, ಕಾಳು ಹಿತಕಿ ಸುಕ್ಕಾಗಿದ್ದ ಹೆಬ್ಬೆರಳನ್ನು ತನ್ನ ಬೆರಳಿನಿಂದ ಒಮ್ಮೆ ಸವರಿ ಬಿಟ್ಟಳು.

ಊಟ ಮಾಡಿಸಿಯೇ ಕಳಿಸಿದಳು. ಹೊರಡುವಾಗ ಅಭ್ಯಾಸಬಲದಿಂದ ಡಬ್ಬಿಗೆ ಕೈ ಹಾಕಿದೆ. ಅವಳು ತನ್ನ ಕಡೆ ಸರಿಸಿಕೊಂಡಳು.

"ಒಮ್ಮೆ ಖಾಲಿ ಕಳಿಸೇನಿ. ಇನ್ನೊಮ್ಮೆ ಕಳಿಸಂಗಿಲ್ರಿ. ಇವತ್ತ ಮನ್ಯಾಗ ರೊಟ್ಟಿ ಮಾಡಾಕ ಹಿಟ್ಟಿಲ್ಲ."

"ಹಾಗಾದ್ರೆ ಯಾವಾಗ ಬರ್ತೀಯ?"

"ನೋಡೂಣು" ಎಂದಳು. ಓಣಿಯ ತಿರುವಿನಲ್ಲಿ ತಿರುಗಿ ನೋಡಿದೆ. ಮಹಡಿಯ ಕಂಬಿ ಹಿಡಿದು ನಿಂತಿದ್ದಳು. ಕೈ ಬೀಸಲಿಲ್ಲ, ಒಳಗೂ ಹೋಗಲಿಲ್ಲ. ನಾಲ್ಕು ಗಂಟೆಗೆ ಮನೆ ಸೇರಿದೆ.

ಕಳೆದ ವಾರ ಸಭೆಯವರು ಮತ್ತೆ ಪಟ್ಟಿ ಹಿಡಿದು ಬಂದಿದ್ದರು. ಮನೆಯಲ್ಲಿ ಕೆಲಸವಿದೆ ಎಂದೆ. "ಏನಜ್ಜಿ, ನಮ್ಮೋರೇ ಬರಲ್ಲ ಅಂದ್ರೆ ಹೆಂಗೆ?" ಎಂದರು. ನಮ್ಮೋರು ಎಂಬ ಮಾತು ಕೇಳಿದರೆ ಈಗಲೂ ಎದೆ ಬೆಚ್ಚಗಾಗುತ್ತದೆ, ನಿಮ್ಮ ಹತ್ತಿರ ಸುಳ್ಳು ಹೇಳಲಾರೆ. ಆದರೂ ಹೋಗಲಿಲ್ಲ.

ಡಬ್ಬಿ ಇನ್ನೂ ಬಂದಿಲ್ಲ. ಇವತ್ತಿಗೆ ಇಪ್ಪತ್ತೆರಡು ದಿನ. ಅಡುಗೆಮನೆಯ ಹಲಗೆಯ ಮೇಲೆ ಅದರ ಜಾಗದಲ್ಲಿ ಬೇರೇನೂ ಇಡಬೇಡಿ. ನಾನು ಮನೆಯಲ್ಲಿಲ್ಲದಾಗ ನೀಲವ್ವಜ್ಜಿ ಬಂದರೆ ಒಳಗೆ ಕರೆದು ಕೂರಿಸಿ. ನಾನು ಬರುವ ತನಕ ಹೋಗಲು ಬಿಡಬೇಡಿ.