ಮೂಲೆ ಮೇಜಿನ ಉಪ್ಪು ಬಿಯರು

ದೆವ್ವ, ಗಾಳಿ, ಸತ್ತವರು ಕಾಣಿಸಿಕೊಳ್ಳುವುದು, ಇದ್ಯಾವುದನ್ನೂ ನಾನು ನಂಬಿದವಳಲ್ಲ. ಯಾರಾದರೂ ಹೇಳಿದರೆ ಅವರ ಮುಖಕ್ಕೇ ನಗುತ್ತಿದ್ದೆ. ಈಗ ನಗುವ ಸರದಿ ನಿಮ್ಮದು. ನಗಿ, ನನಗೇನೂ ಬೇಜಾರಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಮೊದಲು ನನ್ನ ಮೊಮ್ಮಗಳು ಸಾನ್ವಿಯ ಸುದ್ದಿ ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ಅಂಥ ಕೆನ್ನೆ ನಮ್ಮ ಪುಟ್ಟೇನಹಳ್ಳಿಯಲ್ಲಿ ಇನ್ನೊಬ್ಬರಿಗಿಲ್ಲ. ನನ್ನ ಮಗ ಮಂಜು ಮದುವೆಯಾದದ್ದು ನೇಪಾಳದ ಹುಡುಗಿ ಸುನೀತಾಳನ್ನು. ಆಗ ನಾನು ಎರಡು ದಿನ ಅನ್ನ ಬಿಟ್ಟಿದ್ದೆ. ಮೊಮ್ಮಗಳ ಮುಖ ನೋಡಿದ ಮೇಲೆ ಆ ಎರಡು ದಿನದ ಅನ್ನ ದಂಡವಾಯಿತಲ್ಲ ಎನಿಸಿತು.

ಸುನೀತಾಳ ಅಪ್ಪ, ಅಂದರೆ ನಮ್ಮ ಬೀಗರು, ಆಗ ಯಲಹಂಕದ ಒಂದು ಪಬ್ಬಿನಲ್ಲಿ ಅಡುಗೆಯವರಾಗಿದ್ದರು. ಬಿಯರನ್ನು ಅಲ್ಲೇ ಮಾಡುತ್ತಾರೆ. ನಮ್ಮ ನೀರೊಲೆ ಹಂಡೆಗಳ ಮುತ್ತಾತನಂಥ ಹಂಡೆಗಳು ಗಾಜಿನ ಹಿಂದೆ ಸಾಲಾಗಿ ನಿಂತಿವೆ. ಯಾವ ಬಿಯರಿಗೆ ನಮ್ಮ ಕಡೆಯ ಕೋಳಿ ಸಾರು, ಯಾವುದಕ್ಕೆ ಮೊಮೊ ಎಂಬ ನೇಪಾಳದ ಕಡುಬು ಎಂದು ಹಲಗೆಯಲ್ಲಿ ಬರೆದಿರುತ್ತಾರೆ. ನನ್ನ ಮಗನ ಮದುವೆಗೆ ನೋಡದ ಜಾತಕವನ್ನು ಇಲ್ಲಿ ಬಿಯರಿಗೂ ಕಡುಬಿಗೂ ನೋಡುತ್ತಿದ್ದರು!

ಎರಡು ವರ್ಷದ ಹಿಂದೆ ಸಾನ್ವಿಗೆ ಐದು ತಿಂಗಳಾದಾಗ ಅನ್ನ ಮುಟ್ಟಿಸುವ ಶಾಸ್ತ್ರ ಅಲ್ಲೇ ನಡೆಯಿತು. ಹೆಣ್ಣುಮಗುವಿಗೆ ಐದರಲ್ಲಿ ಮಾಡಬೇಕು, ತಪ್ಪಿದರೆ ಏಳರಲ್ಲಿ. ಅದು ಅವರ ಪದ್ಧತಿ. ಬೀಗರು ಕೆಲಸ ಬಿಟ್ಟು ಮಾರನೆಯ ವಾರವೇ ಊರಿಗೆ ಹೊರಟಿದ್ದರು, ಮತ್ತೆ ಬರುವುದು ಯಾವಾಗಲೋ. ತಮ್ಮ ಕೈಯಿಂದಲೇ ಮೊದಲ ತುತ್ತು ಹೋಗಬೇಕೆಂಬುದು ಅವರ ಆಸೆ. ಮಧ್ಯಾಹ್ನ ಎರಡರೊಳಗೆ ಮುಹೂರ್ತ.

ಮಗು ಬಾಯಿ ಬಿಡಲೇ ಇಲ್ಲ. ಬೀಗರು ಪಾಯಸದ ಬೆಳ್ಳಿ ಚಮಚ ಹಿಡಿದು ಕುಣಿದರು, ಹಾಡಿದರು, ಕೋತಿಯ ಹಾಗೆ ಮುಖ ಮಾಡಿದರು. ನಾನು ಸೆರಗಿನಡಿಯಿಂದ ರಾಗಿ ಸರಿಯ ಡಬ್ಬಿ ತೆಗೆದೆ.

"ಅಮ್ಮಾ, ಇಲ್ಲೂ ತಂದಿದ್ಯಾ?" ಎಂದ ಮಂಜು.

"ನೀನು ಇಷ್ಟುದ್ದ ಬೆಳೆದಿರೋದು ಇದ್ರಿಂದ್ಲೇ ಕಣೋ, ಸುಮ್ನಿರು."

"ಬೀಗಿತ್ತಿಯಮ್ಮ, ಇನ್ಮೇಲೆ ದಿನಾ ನೀವೇ ತಿನ್ಸ್ತೀರಲ್ಲ. ಇವತ್ತೊಂದ್ ದಿನ ನನ್ಗೆ ಬಿಡಿ," ಎಂದರು ಬೀಗರು. ಆ ಧ್ವನಿ ಕೇಳಿ ಡಬ್ಬಿ ಒಳಗಿಟ್ಟೆ. ಗಡಿಯಾರದಲ್ಲಿ ಎರಡಕ್ಕೆ ಐದು ನಿಮಿಷ. ಸುನೀತಾಳ ಕಣ್ಣು ತುಂಬಿತ್ತು.

ಇಲ್ಲಿ ನಮ್ಮ ಯಜಮಾನರ ವಿಷಯ ಹೇಳಬೇಕು. ಅವರು ತೀರಿಕೊಂಡು ಆಗ ಏಳು ವರ್ಷವಾಗಿತ್ತು. ಕಿವಿಯಲ್ಲಿ ಯಾವಾಗಲೂ ಚಿನ್ನದ ಕಡಕು, ಬಿಯರೆಂದರೆ ಪ್ರಾಣ. ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ, ನೊರೆ ಉಕ್ಕುವಾಗ ಲೋಟವನ್ನು ಮೇಜಿಗೆ ಮೂರು ಸಲ ಕುಟ್ಟಿಯೇ ಬಾಯಿಗಿಡುತ್ತಿದ್ದರು. ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಿಡುವುದು ನಮ್ಮಲ್ಲಿ ಪದ್ಧತಿ. ನಮ್ಮ ವಾರಗಿತ್ತಿಯರು ಗಂಡಂದಿರಿಗೆ ಬಾಟಲಿ ಇಟ್ಟರೆ ನಾನು ಏಳು ವರ್ಷವೂ ಕಾಫಿ ಇಟ್ಟೆ. "ಬದುಕಿದ್ದಾಗ ಕುಡ್ದಿದ್ದು ಸಾಕು, ಅಲ್ಲಾದ್ರೂ ನೆಟ್ಗಿರ್ಲಿ" ಎನ್ನುತ್ತಿದ್ದೆ.

ಆಗ ಬೆನ್ನ ಹಿಂದಿನಿಂದ ಸದ್ದು ಬಂತು. ಟಕ್, ಟಕ್, ಟಕ್.

ಸಾನ್ವಿ ಕತ್ತು ತಿರುಗಿಸಿ ಮೂಲೆಯ ಮೇಜಿನ ಕಡೆ ನೋಡಿದಳು. ಬೊಚ್ಚು ಬಾಯಿ ತೆರೆದು ಕಿಲಕಿಲ ನಕ್ಕಳು. ಬೀಗರು ಕ್ಷಣ ಬಿಡದೆ ಚಮಚ ಒಳಗಿಟ್ಟರು. ಮಗು ಚಪ್ಪರಿಸಿತು! ನಾನೂ ಬೀಗರೂ ಸಂಬಂಧ ಮರೆತು ಕೈ ಹಿಡಿದು ಕುಣಿದದ್ದನ್ನು ಸೊಸೆ ಫೋನಿನಲ್ಲಿ ತೆಗೆದಿಟ್ಟಿದ್ದಾಳೆ, ಬೇಕಾದರೆ ಬಂದು ನೋಡಿ.

ಕುಣಿತ ಮುಗಿದ ಮೇಲೆ ಮೂಲೆ ನೋಡಿದೆ. ಕುರ್ಚಿ ಖಾಲಿ. ಮೇಜಿನ ಮೇಲೆ ಎರಡು ಬೆರಳಷ್ಟು ಕಡಿಮೆಯಾದ ಬಿಯರು, ಪಕ್ಕದಲ್ಲಿ ಬಟ್ಟಲಲ್ಲಿ ಉಪ್ಪು. ಅಲ್ಲಿ ಬಡಿಸುವ ಕೆಲಸದಲ್ಲಿದ್ದ ಬಾಗಲಗುಂಟೆಯ ದಪ್ಪ ಮೀಸೆಯವರು ಬಂದು, "ಇಲ್ಲಿ ಕೂತಿದ್ದ ಯಜಮಾನ್ರು ಎಲ್ಲೋದ್ರು? ಕಿವೀಲಿ ಕಡಕು ಹಾಕಿದ್ರು. ನಿಮ್ಮೋರೇ ಅಂದ್ಕೊಂಡೆ. ಉಪ್ಪು ಬೇಕು ಅಂತ ಜಗಳ ಆಡಿ ತರಿಸ್ಕೊಂಡ್ರಲ್ಲಾ!" ಎಂದರು.

ನಾನು ಹೋಗಿ ಆ ಕುರ್ಚಿ ಮುಟ್ಟಿ ನೋಡಿದೆ.

ಯಲಹಂಕದಲ್ಲಿ ಕಡಕು ಹಾಕಿದ ಮುದುಕರಿಗೆ ಬರವಿಲ್ಲ, ಒಪ್ಪುತ್ತೇನೆ. ಬಿಯರಿಗೆ ಉಪ್ಪು ಹಾಕುವವರು ಇನ್ನೂ ಇರಬಹುದು. ಆದರೆ ಬಾಗಿಲು ಇದ್ದದ್ದು ನಮ್ಮ ಮೇಜಿನ ಪಕ್ಕದಲ್ಲಿ. ನಮ್ಮನ್ನು ದಾಟದೆ ಯಾರೂ ಹೋಗುವ ಹಾಗಿರಲಿಲ್ಲ. ಮೊದಲು ಬೀಗರ ಮೀಸೆ ನೋಡಿದೆ, ನೊರೆ ಇರಲಿಲ್ಲ. ಮಂಜುವನ್ನು ಹಿಡಿದುಕೊಂಡೆ. ಅವನು ಮಗಳ ತಲೆ ಮುಟ್ಟಿ, ನಾನಲ್ಲ ಎಂದ. ಪಬ್ಬಿನವರು ಕ್ಯಾಮೆರಾದಲ್ಲಿ ಬಿದ್ದದ್ದನ್ನು ಹಾಕಿ ನೋಡಿದರು. ಆ ಮೂಲೆಗೆ ಸರಿಯಾಗಿ ಕಂಬ ಅಡ್ಡ.

ಆ ವರ್ಷದ ಹಬ್ಬಕ್ಕೆ ಎಡೆಯಲ್ಲಿ ಬಿಯರು ಇಟ್ಟೆ, ಉಪ್ಪೂ ಇಟ್ಟೆ. ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ, ಹೊರಗೆ ಕಿವಿಯಾನಿಸಿ ನಿಂತೆ. ಸದ್ದಿಲ್ಲ. ಬಾಗಿಲು ತೆಗೆದರೆ ಲೋಟ ಇಟ್ಟ ಹಾಗೇ ಇತ್ತು. ಪಬ್ಬಿನದು ರುಚಿ ಹತ್ತಿದ ಮೇಲೆ ಅಂಗಡಿ ಬಾಟಲಿ ಹಿಡಿಸಲಿಲ್ಲವೋ, ಏಳು ವರ್ಷದ ಕಾಫಿಯ ಸಿಟ್ಟೋ, ಅಥವಾ ಅವತ್ತು ಬಂದದ್ದು ಬೇರೆ ಯಾರೋ, ನನಗೆ ಇವತ್ತಿಗೂ ತಿಳಿದಿಲ್ಲ.

ಅವರೇ ಆಗಿದ್ದರೆ ಮೊಮ್ಮಗಳನ್ನು ನೋಡಿ, ನಗಿಸಿ ಹೋದರಲ್ಲ ಎಂದು ಸಂತೋಷ. ಆದರೆ ಹತ್ತೇ ಹೆಜ್ಜೆ ದೂರದಲ್ಲಿ ಹೊಸ ಸೀರೆ ಉಟ್ಟುಕೊಂಡು ನಾನೂ ಕೂತಿದ್ದೆ. ಉಪ್ಪಿಗಾಗಿ ಜಗಳವಾಡಲು ಬಾಯಿದ್ದ ಮನುಷ್ಯ ನನ್ನನ್ನು ಒಂದು ಸಲ ಮಾತಾಡಿಸಿ ಹೋಗಬಾರದಿತ್ತೇ?