ಈಚಲ ಕೊರಕಲು

ಸರ್ವೆ ಸರಪಳಿಯ ಒಂದು ತುದಿ ಹಿಡಿಯುವುದು ಸಣ್ಣಬೀರಪ್ಪನ ಕೆಲಸ. ಇನ್ನೊಂದು ತುದಿ ಯಾರ ಕೈಯಲ್ಲಿತ್ತು ಎಂಬುದನ್ನು ಅವನ ಬಾಯಿಂದ ಕೇಳಿದವರಿಲ್ಲ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕನ್ನು ತಾನೊಬ್ಬನೇ ಅಳೆದವನಂತೆ ಮಾತಾಡುತ್ತಿದ್ದ. ಎದೆಯ ಮೇಲಿನ ಹಿತ್ತಾಳೆ ಬಿಲ್ಲೆಗೆ ದಿನವೂ ಹುಣಸೆಹಣ್ಣು ತಿಕ್ಕುವನು. ಸಾರಿಗೆ ಹುಳಿಯೇ ಉಳಿಯುವುದಿಲ್ಲವೆಂದು ಹೆಂಡತಿ ಗೊಣಗಿದರೆ, "ಸರ್ಕಾರದ ಕೆಲ್ಸ ಕಣೇ" ಎನ್ನುವನು.

ಐವತ್ತೆಂಟರ ಬೇಸಗೆಯಲ್ಲಿ ವೀರಬಸಪ್ಪ ಎಂಬ ಅಧಿಕಾರಿ ಬಂದರು. ಎಲ್ಲಿ ಕಾಡಿದೆ, ಎಲ್ಲಿ ಬರೀ ಖರಾಬು ಜಮೀನಿದೆ ಎಂದು ಪಟ್ಟಿ ಮಾಡುವ ಕೆಲಸ. ತಾಳಗುಂದದಾಚೆಯ ಒಣ ಕೊರಕಲಿನ ದಂಡೆಗೆ ಬರುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಇಳಿಯುವ ದಾರಿ ಕಡಿದು. ಸಾಹೇಬರು ಮೇಲೆಯೇ ನಿಂತು ಟೋಪಿ ಬೀಸಿಕೊಳ್ಳುತ್ತ, "ಕೆಳಗೇನಿದೆಯಪ್ಪ?" ಎಂದರು.

ಕೆಳಗೆ ಈಚಲಿತ್ತು. ಸಣ್ಣಬೀರಪ್ಪನ ಅಕ್ಕ ಹೂವಮ್ಮ, ಗಂಡ ಸತ್ತ ಮೇಲೆ ಅದರ ಗರಿ ಕೊಯ್ದು ಚಾಪೆ ಹೆಣೆದೇ ಬದುಕಿದ್ದಳು. ಆದರೆ ಈಚಲೆಂದರೆ ಹೆಂಡ, ಹೆಂಡವೆಂದರೆ ಅಬಕಾರಿಯವರು. ಹೆಂಡ ಇಳಿಸಲು ಅವರು ಮರಕ್ಕೆ ನಂಬರು ಹೊಡೆದರೆ ಅಕ್ಕನ ಗತಿಯೇನು? ಮೇಲಾಗಿ, ಪುಸ್ತಕ ಹಿಡಿದು ಬಂದವರು ಏನು ಕೇಳಿದರೂ ಇಲ್ಲವೆನ್ನುವುದು ಆ ಸೀಮೆಯ ವಾಡಿಕೆ. ಉಂಡು ಕೈ ತೊಳೆಯುತ್ತಿರುವವನೂ ಊಟವಾಗಿಲ್ಲ ಎಂದೇ ಹೇಳುವನು.

"ಏನಿಲ್ರೀ ಸಾಹೇಬ್ರೆ. ಮುಳ್ಳು, ಕಲ್ಲು. ಬರೀ ಖರಾಬು."

"ಇಳಿದು ನೋಡ್ಬೇಕೇನು?"

"ನಾ ನೋಡಿದ್ರೆ ನೀವು ನೋಡ್ದಂಗೇ ರೀ."

ಸಾಹೇಬರು ನಕ್ಕು ಬರೆದುಕೊಂಡರು. ಸರ್ಕಾರದ ಕಣ್ಣಿಗೇ ಮಣ್ಣೆರಚಿ ಅಕ್ಕನನ್ನು ಕಾಪಾಡಿದೆನೆಂದು ಸಣ್ಣಬೀರಪ್ಪ ವಾರವೆಲ್ಲ ಮೀಸೆ ತಿರುವಿದ. ಗುಟ್ಟೆಂದು ಅಕ್ಕನಿಗೆ ಮಾತ್ರ ಹೇಳಲಿಲ್ಲ.

ಮರುವರ್ಷ ಆಳುಗಳು ಬಂದರು. ಖರಾಬೆಂದು ಬರೆದ ಪ್ರಯೋಜನವಿಲ್ಲದ ಜಾಗದಲ್ಲೆಲ್ಲ ನೀಲಗಿರಿ ನೆಡಲು ಹುಕುಂ ಆಗಿತ್ತು. ಈಚಲನ್ನು ಬುಡಸಮೇತ ಕಿತ್ತು ಸುಟ್ಟರು. ಸುತ್ತ ಕಂದಕ ತೋಡಲು ಅಳತೆ ಬೇಕಾಯಿತು; ಅದಕ್ಕೂ ಅವನನ್ನೇ ಕರೆದರು. ಅಬಕಾರಿಯವರೇ ಬಂದಿದ್ದರೂ ರಸ ಒಯ್ದು ಗರಿ ಬಿಡುತ್ತಿದ್ದರು ಎಂಬುದು ಅವನಿಗೆ ಹೊಳೆದದ್ದು ಆಗ, ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ.

ಕುಡುಗೋಲು ಹಿಡಿದು ಬಂದ ಹೂವಮ್ಮ ಕಂದಕದಾಚೆಯೇ ನಿಂತಳು.

"ಬರ್ಕೊಂಡು ಹೋದೋರು ನಿನ್ನ ಒಂದ್ಮಾತು ಕೇಳ್ಬಾರ್ದಿತ್ತಾ, ಸಣ್ಣಾ? ಇಲ್ಲಿ ಗಿಡಗಿಡಾನೂ ನಿಂಗೊತ್ತು."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಸಣ್ಣಬೀರಪ್ಪ ಸರಪಳಿ ಕೆಳಗಿಟ್ಟ.

"ಕೇಳಿದ್ರಕ್ಕ. ನಾನೇ ಖರಾಬು ಅಂದೆ. ನಿಂಗೆ ಒಳ್ಳೇದಾಗ್ಲಿ ಅಂತ."

ಬಯ್ದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬಯ್ಯಲಿಲ್ಲ. ಕಂದಕದ ಅಂಚಿನಲ್ಲಿ ಕಟ್ಟುಕಟ್ಟಾಗಿ ಇಟ್ಟಿದ್ದ ನೀಲಗಿರಿ ಸಸಿಗಳಿಂದ ಒಂದು ಎಲೆ ಕಿತ್ತು, ಬೆರಳಿಗೆ ಸುತ್ತಿ ನೋಡಿದಳು.

"ಇದ್ರಲ್ಲಿ ಚಾಪೆ ಆಗ್ತದೇನೋ?"

"ಇಲ್ಲಕ್ಕ," ಎಂದ. "ಮುರೀತದೆ."